ಅವ್ವನ ಸೆರಗಿನ ಗಂಟು ಈಗ ಫೋನಿನಲ್ಲಿದೆ

ಹೋದ ವರ್ಷ ಶ್ರಾವಣದಲ್ಲಿ ಊರಿಗೆ ಹೋದಾಗ ಅವ್ವ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ರೊಟ್ಟಿ ಬಡಿದಳು, ಉಣ್ಣಲು ನೀಡಿದಳು, ಎಮ್ಮೆ ಹಿಂಡಿ ಬಂದಳು. ಏನು ಕೇಳಿದರೂ 'ಹೂಂ', 'ಊಹೂಂ' ಅಷ್ಟೇ. ಎರಡನೇ ದಿನ ರಾತ್ರಿ ದೀಪ ಆರಿಸಿದ ಮೇಲೆ ಕತ್ತಲಲ್ಲಿ ಹೇಳಿದಳು.

ಹಿಂದಿನ ಓಣಿಯ ನಮ್ಮ ಸಂಬಂಧಿಕಳೊಬ್ಬಳು ಕೈಗಡ ಕೇಳಲು ಬಂದಿದ್ದಳಂತೆ. ಅವ್ವ ತನ್ನ ಹತ್ತಿರ ಇಲ್ಲ ಎಂದಳು. ಆಕೆ ನಕ್ಕು, 'ಯಾಕ ಸುಳ್ಳ ಹೇಳ್ತೀಯವಾ, ನಿನ್ನ ಖಾತೇದಾಗ ಹದಿನಾಕ ಸಾವಿರ ಐತೆಲ್ಲ' ಎಂದಳಂತೆ.

ಅದು ನಿಜ. ಗೃಹಲಕ್ಷ್ಮಿಯ ಏಳು ಕಂತು, ಒಂದು ರೂಪಾಯಿ ಮುರಿಯದೆ ಇಟ್ಟಿದ್ದಳು. ತಂಗಿಯ ಬಾಣಂತನಕ್ಕೆ ಎಂದು ನಮಗ್ಯಾರಿಗೂ ಹೇಳದೆ ಕೂಡಿಸಿದ್ದ ಹಣ. ಸುಳ್ಳು ಹೇಳಿ ಸಿಕ್ಕಿಬಿದ್ದಂತಾಗಿ, ಮುಖ ತೋರಿಸಲಾಗದೆ ಐದು ಸಾವಿರ ಕೊಟ್ಟಳು. ಇನ್ನೂ ವಾಪಸ್ ಬಂದಿಲ್ಲ.

ಆಕೆಗೆ ಹೇಗೆ ಗೊತ್ತಾಯಿತು? ಅವ್ವನಿಗೆ ಓದಲು ಬರುವುದಿಲ್ಲ. ಪ್ರತಿ ತಿಂಗಳು ಫೋನು ಹಿಡಿದುಕೊಂಡು ಅಂಗಡಿ ಕಟ್ಟೆಗೆ ಹೋಗಿ ಅಲ್ಲಿರುವ ಹುಡುಗನಿಗೆ 'ರೊಕ್ಕ ಬಂದೈತೇನ ನೋಡಪಾ' ಎನ್ನುತ್ತಿದ್ದಳು. ಅವನು ಬ್ಯಾಂಕಿನ ಮೆಸೇಜು ಓದಿ ಹೇಳುತ್ತಿದ್ದ. ಆ ಹುಡುಗ ಕಳ್ಳನಲ್ಲ, ಕೆಟ್ಟವನೂ ಅಲ್ಲ. ಓದು ಅಂದಳು, ಜೋರಾಗಿ ಓದಿದ. ಕಟ್ಟೆಯ ಮೇಲೆ ಆರೇಳು ಜನ ಕೂತಿದ್ದರು.

'ಓದಾಕ ಬಂದಿದ್ರ ನನ್ನ ಗಂಟು ನನ್ನ ಸೆರಗಿನ್ಯಾಗ ಇರತಿತ್ತು' ಎಂದು ಅವ್ವ ಮಗ್ಗುಲಾದಳು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ನಾನೂ ಅದೇ ಕೆಲಸ ಮಾಡಿದವಳು. ಊರಿಗೆ ಬಂದಾಗಲೆಲ್ಲ ಆಕೆ ಫೋನು ಹಿಡಿದು ಏನೋ ಒತ್ತಲು ಹೊರಟರೆ, 'ಕೊಡ ಇಲ್ಲೆ, ನಿನಗ ತಿಳಿಯಂಗಿಲ್ಲ' ಎಂದು ಕಸಿದುಕೊಂಡು ನಾನೇ ನೋಡುತ್ತಿದ್ದೆ. ಸಹಾಯ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ.

ಮೊದಲು ಹೆಣ್ಣುಮಕ್ಕಳ ಹಣ ಎಲ್ಲಿರುತ್ತಿತ್ತು ನೆನಪಿಸಿಕೊಳ್ಳಿ. ಸೆರಗಿನ ತುದಿಯ ಗಂಟಿನಲ್ಲಿ, ಎಲೆಯಡಿಕೆ ಸಂಚಿಯಲ್ಲಿ, ಜೋಳದ ಹಗೇವಿನ ಪಕ್ಕದ ಡಬ್ಬಿಯಲ್ಲಿ. ಗಂಡನಿಗೂ ಲೆಕ್ಕ ಗೊತ್ತಿರುತ್ತಿರಲಿಲ್ಲ. ಗಂಟು ಬಿಚ್ಚಲು ಅಕ್ಷರ ಬೇಕಿರಲಿಲ್ಲ. 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಶುರುವಾದಾಗ ಎರಡು ಸಾವಿರ ರೂಪಾಯಿ ಮನೆಯ ಯಜಮಾನಿಯ ಖಾತೆಗೇ ಬಂತು. ಹಣ ಆಕೆಯದಾಯಿತು. ಆದರೆ ಆ ಹಣ ಬಂದಿದೆಯೋ ಇಲ್ಲವೋ ಎಂಬ ಸುದ್ದಿ ಇಂಗ್ಲಿಷ್ ಮೆಸೇಜಿನಲ್ಲಿ ಕೂತಿತು. ಓದಬಲ್ಲವರ ಕೈಯಲ್ಲಿ ಗಂಟಿನ ತುದಿ ಸಿಕ್ಕಿತು.

ಆ ರಾತ್ರಿ ನನಗೆ ನೆನಪಾದದ್ದು ಎಂಎ ಓದುವಾಗ ಪರೀಕ್ಷೆಗೆಂದು ಉರು ಹೊಡೆದಿದ್ದ ಒಂದು ಸಂಶೋಧನಾ ಲೇಖನ. ಅದು ನಡೆದದ್ದು ದೂರದ ಅಮೆರಿಕದಲ್ಲಲ್ಲ, ನಮ್ಮ ಬೆಂಗಳೂರಿನಲ್ಲಿ. ಬರೆದವರಲ್ಲಿ ಮೊದಲ ಹೆಸರು ಇಂದ್ರಾಣಿ ಮೇಧಿ. ಅವರ ಜೊತೆ ಅಮನ್ ಸಾಗರ್ ಮತ್ತು ಕೆಂಟಾರೊ ಟೊಯಾಮಾ. ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾ ಪ್ರಯೋಗಾಲಯ ಆರಂಭವಾದದ್ದು 2005ರಲ್ಲಿ. ಈ ಕೆಲಸ ಸಮ್ಮೇಳನದಲ್ಲಿ ಮಂಡನೆಯಾದದ್ದು 2006ರಲ್ಲಿ. ಮನುಷ್ಯರು ಕಂಪ್ಯೂಟರನ್ನು ಹೇಗೆ ಬಳಸುತ್ತಾರೆ, ಎಲ್ಲಿ ಎಡವುತ್ತಾರೆ, ಯಂತ್ರವನ್ನು ಹೇಗೆ ರೂಪಿಸಿದರೆ ಎಡವುವುದಿಲ್ಲ ಎಂದು ನೋಡುವ ಒಂದು ಶಾಸ್ತ್ರವಿದೆ. ಇಂದ್ರಾಣಿ ಮೇಧಿ ಅದರಲ್ಲಿ ಹಿಡಿದುಕೊಂಡ ಪ್ರಶ್ನೆ ಒಂದೇ: ಓದಲು ಬಾರದವರು ಬಳಸುವ ಸ್ಕ್ರೀನ್ ಹೇಗಿರಬೇಕು?

ಅವರು ಬೆಂಗಳೂರಿನ ಮೂರು ಕೊಳೆಗೇರಿಗಳಿಗೆ ಹೋದರು. ಸ್ತ್ರೀ ಜಾಗೃತಿ ಸಮಿತಿ ಎಂಬ ಸಂಘಟನೆಯ ನೆರವಿನಿಂದ ಮನೆಗೆಲಸ ಮಾಡುವ ಹೆಣ್ಣುಮಕ್ಕಳ ಜೊತೆ ಬಹಳ ಹೊತ್ತು ಕಳೆದರು. ನಿಮಗೆ ಯಾವ ಮಾಹಿತಿ ಬೇಕು ಎಂದು ಮೊದಲು ತಿಳಿದುಕೊಂಡರು. ಯಾವ ಮನೆಯಲ್ಲಿ ಕೆಲಸ ಖಾಲಿ ಇದೆ, ಏನು ಕೆಲಸ, ಎಷ್ಟು ಸಂಬಳ: ಇದು ಬೇಕಿತ್ತು. ಹಾಗಾಗಿ ಅಕ್ಷರವೇ ಇಲ್ಲದ, ಚಿತ್ರ ಮತ್ತು ದನಿಯಲ್ಲೇ ನಡೆಯುವ ಕೆಲಸ ಹುಡುಕುವ ಒಂದು ವ್ಯವಸ್ಥೆ ಮಾಡಿದರು. ಊರಿನ ದಾರಿ ತೋರಿಸುವ ನಕಾಶೆಯನ್ನೂ ಅದೇ ರೀತಿ ಮಾಡಿದರು.

ಚಿತ್ರ ಹಾಕಿಬಿಟ್ಟರೆ ಎಲ್ಲರಿಗೂ ಅರ್ಥವಾಗುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಅಲ್ಲಿ ಹಾಗಾಗಲಿಲ್ಲ. ಪಾತ್ರೆ ತೊಳೆಯುವ ಕೆಲಸ ಎಂದು ತೋರಿಸಲು ಸುಮ್ಮನೆ ಪಾತ್ರೆ, ನಲ್ಲಿ ಬಿಡಿಸಿದರೆ ಅದು ಅಡುಗೆಮನೆ ಎಂಬ ಜಾಗವಾಗಿ ಕಾಣುತ್ತದೆ, ಕೆಲಸವಾಗಿ ಕಾಣುವುದಿಲ್ಲ. ನಲ್ಲಿಯಿಂದ ನೀರು ಬೀಳುವುದನ್ನು, ಪಾತ್ರೆಯಿಂದ ಹಬೆ ಏಳುವುದನ್ನು ಬಿಡಿಸಿದ ಮೇಲೆ 'ಕೆಲಸ ನಡೆಯುತ್ತಿದೆ' ಎಂಬುದು ತಿಳಿಯಿತು. ತೀರಾ ನುಣುಪಾದ ಚಿಹ್ನೆಯೂ ಅಲ್ಲದ, ಪೂರ್ತಿ ಫೋಟೋನೂ ಅಲ್ಲದ, ಕೈಯಲ್ಲಿ ಬಿಡಿಸಿದ ಸರಳ ಚಿತ್ರ ಹೆಚ್ಚು ಕೆಲಸ ಮಾಡಿತು. ಪ್ರತಿ ಚಿತ್ರಕ್ಕೂ ದನಿ ಬೇಕಿತ್ತು. ಪ್ರತಿ ಸ್ಕ್ರೀನಿನಲ್ಲೂ ಸಹಾಯ ಕೇಳುವ ಗುರುತು ಒಂದೇ ರೀತಿ ಇರಬೇಕಿತ್ತು. ಅಂಕಿಗಳನ್ನು ಮಾತ್ರ ತೆಗೆಯಬೇಕಾಗಲಿಲ್ಲ. ಅಕ್ಷರ ಗೊತ್ತಿಲ್ಲದವರಿಗೂ ಅಂಕಿ ಗೊತ್ತಿತ್ತು.

ಇದು ನಮ್ಮ ಅವ್ವನೂ ಹೌದು. ಆಕೆಗೆ ತನ್ನ ಹೆಸರು ಬರೆಯಲು ಬರುವುದಿಲ್ಲ. ಆದರೆ ಬಸ್ಸಿನ ನಂಬರು, ನೋಟು, ಗಡಿಯಾರ, ತೂಕದ ಕಾಟಾದ ಅಂಕಿ ಎಲ್ಲ ಬರುತ್ತದೆ. ಸ್ವಸಹಾಯ ಸಂಘದ ಸದಸ್ಯರಲ್ಲಿ ಯಾರ ಕಂತು ಎಷ್ಟು ಬಾಕಿ ಎಂದು ಪುಸ್ತಕ ತೆರೆಯುವ ಮೊದಲೇ ಬಾಯಲ್ಲಿ ಹೇಳುತ್ತಾಳೆ.

ಆ ಲೇಖನದ ಆರಂಭದಲ್ಲೇ ಅವರ ಗುರಿ ಏನೆಂದು ಹೇಳಿದ್ದಾರೆ. ಓದಲು ಬಾರದ, ಹೊಸದಾಗಿ ಯಂತ್ರ ಮುಟ್ಟುವ ಮನುಷ್ಯರೂ ಬೇರೆ ಯಾರ ನೆರವೂ ಇಲ್ಲದೆ ಅದನ್ನು ನಡೆಸುವಂತಾಗಬೇಕು. ಪರೀಕ್ಷೆಗೆ ಓದುವಾಗ ನಾನು ಇದನ್ನು 'ಬಳಕೆಗೆ ಸುಲಭ' ಎಂದು ಒಂದು ಅಂಕದ ಉತ್ತರ ಮಾಡಿಕೊಂಡಿದ್ದೆ. 'ಯಾರ ನೆರವೂ ಇಲ್ಲದೆ' ಎಂಬುದರ ಬೆಲೆ ಐದು ಸಾವಿರ ರೂಪಾಯಿ ಹೋದ ಮೇಲೆ ತಿಳಿಯಿತು. ಇನ್ನೊಬ್ಬರ ಕಣ್ಣಿನಲ್ಲಿ ಓದಿಸಿಕೊಳ್ಳುವವರಿಗೆ ಗುಟ್ಟು ಇಟ್ಟುಕೊಳ್ಳಲು ಆಗುವುದಿಲ್ಲ. ಹಣದ ಗುಟ್ಟು ಮಾತ್ರವಲ್ಲ. ಆಸ್ಪತ್ರೆಯ ರಿಪೋರ್ಟು, ಮಗಳು ಗಂಡನ ಮನೆಯಿಂದ ಕಳಿಸಿದ ಮೆಸೇಜು, ಕೋರ್ಟಿನ ನೋಟಿಸು ಎಲ್ಲವೂ ಮೊದಲು ಬೇರೆಯವರ ಬಾಯಲ್ಲಿ ಹಾದು ಬರಬೇಕು.

ಹಾಗೆಂದು ಓದಿ ಹೇಳುವವರನ್ನು ಬೈಯಲೂ ಆಗದು. ನಿತ್ಯಾ ಸಾಂಬಶಿವನ್ ಎಂಬ ಸಂಶೋಧಕಿ ಮತ್ತು ಸಂಗಡಿಗರು ಬೆಂಗಳೂರಿನ ಎರಡು ಕೊಳೆಗೇರಿಗಳಲ್ಲಿ ಇದನ್ನೇ ನೋಡಿ 2010ರಲ್ಲಿ ಬರೆದಿದ್ದಾರೆ. ಫೋನು ಬಳಸಲು ಬಾರದವರ ಪರವಾಗಿ ಬಲ್ಲವರು ಮೂರು ರೀತಿ ನಿಲ್ಲುತ್ತಾರಂತೆ. ಒಬ್ಬರು ಒತ್ತಿಕೊಡುತ್ತಾರೆ. ಇನ್ನೊಬ್ಬರು ಸ್ಕ್ರೀನಿನ ಮೇಲೆ ಬಂದದ್ದನ್ನು ಬಿಡಿಸಿ ಹೇಳುತ್ತಾರೆ. ಮೂರನೆಯವರು ಎಲ್ಲವನ್ನೂ ತಾವೇ ಮಾಡಿ ಮುಗಿಸುತ್ತಾರೆ. ಇಂಥವರಿಂದಲೇ ತಂತ್ರಜ್ಞಾನ ಬಡವರ ಓಣಿಯವರೆಗೆ ಮುಟ್ಟುತ್ತದೆ ಎಂದು ಅವರು ತೋರಿಸಿದರು. ಅದೂ ನಿಜ. ಕಟ್ಟೆಯ ಹುಡುಗ ಇಲ್ಲದಿದ್ದರೆ ಅವ್ವನಿಗೆ ಹಣ ಬಂದದ್ದೇ ತಿಳಿಯುತ್ತಿರಲಿಲ್ಲ. ಅವನು ಎರಡನೇ ರೀತಿಯವನು. ನಾನು ಮೂರನೇ ರೀತಿಯವಳು. ಅವನಾದರೂ ಫೋನನ್ನು ಅವಳ ಕಣ್ಣೆದುರಿಗೆ ಹಿಡಿಯುತ್ತಿದ್ದ. ನಾನು ಬೆನ್ನು ತಿರುಗಿಸಿಕೊಂಡು ಒತ್ತುತ್ತಿದ್ದೆ.

ಮರುದಿನ ಅವ್ವನ ಪಕ್ಕ ಕೂತು, ಫೋನನ್ನು ಅವಳ ಕೈಯಲ್ಲೇ ಬಿಟ್ಟು, 'ಇದರಾಗ ನಿನಗ ಏನೇನ ಕಾಣತೈತಿ ಹೇಳು' ಎಂದೆ. ಒಂದು ಆ್ಯಪಿನ ಮೂಲೆಯಲ್ಲಿ ಮೂರು ಅಡ್ಡಗೆರೆ ಇರುತ್ತವಲ್ಲ, ಒತ್ತಿದರೆ ಪಟ್ಟಿ ತೆರೆಯುತ್ತದೆ. ಅದನ್ನು ಆಕೆ 'ವಿಭೂತಿ' ಎಂದಳು. ನನಗೆ ನಗು ಬಂತು. ಆಮೇಲೆ ಯೋಚಿಸಿದೆ. ಹಣೆಯ ಮೇಲೆ ಮೂರು ಗೆರೆ ನೋಡುತ್ತಾ ಬೆಳೆದವಳಿಗೆ ಅದು ಇನ್ನೇನಾಗಿ ಕಾಣಬೇಕು? ಆ ಗೆರೆಗಳ ಅರ್ಥ ನನಗೂ ಯಾರೋ ಕಲಿಸಿದ್ದೇ.

ಆಕೆ ನನ್ನನ್ನು ಕೇಳಿದ ಪ್ರಶ್ನೆಗಳು ಅಕ್ಷರಕ್ಕೆ ಸಂಬಂಧಿಸಿದವೇ ಆಗಿರಲಿಲ್ಲ. 'ಈ ರೊಕ್ಕ ಫೋನಿನ್ಯಾಗ ಐತೋ, ಬ್ಯಾಂಕಿನ್ಯಾಗ ಐತೋ? ಫೋನ ಒಡದ್ರ ರೊಕ್ಕ ಹೋಗತೈತೇನ? ನಾ ತಪ್ಪ ಒತ್ತಿದ್ರ ಸರಕಾರದವ್ರಿಗೆ ತಿಳಿತೈತೇನ?' ಎರಡು ವರ್ಷದಿಂದ ಈ ಹೆದರಿಕೆಗಳನ್ನು ಹೊತ್ತುಕೊಂಡಿದ್ದಳು. ಕೇಳುವುದಕ್ಕೆ ನಾನು ಸಂದು ಕೊಟ್ಟಿರಲಿಲ್ಲ.

ಇಂದ್ರಾಣಿ ಮೇಧಿ ಇಲ್ಲಿಗೂ ಬಂದು ನಿಂತಿದ್ದರು. ಅಕ್ಷರ ತೆಗೆದು ಚಿತ್ರ, ದನಿ ಕೊಟ್ಟ ಮೇಲೂ ಕೆಲವು ಹೆಣ್ಣುಮಕ್ಕಳು ಕಂಪ್ಯೂಟರ್ ಮುಟ್ಟಲು ಹಿಂಜರಿದರು. ಈ ಯಂತ್ರದಿಂದ ತಮಗೇನು ಸಿಗುತ್ತದೆ ಎಂಬುದೇ ಗೊತ್ತಿರಲಿಲ್ಲ. ಹೆದರಿಕೆ, ಅಪನಂಬಿಕೆ ಇತ್ತು. ತಮಗೆ ಬೇಕಾದ ಮಾಹಿತಿ ಆ ಪೆಟ್ಟಿಗೆಯೊಳಗೆ ಹೇಗೆ ಬಂತು ಎಂಬುದು ತಿಳಿದಿರಲಿಲ್ಲ. ಹಾಗಾಗಿ ಅವರು ಮತ್ತು ಟೊಯಾಮಾ ಒಂದು ಸಣ್ಣ ವಿಡಿಯೋ ಮಾಡಿದರು. ಯಾವ ಗುಂಡಿ ಒತ್ತಬೇಕು ಎಂಬುದನ್ನಷ್ಟೇ ಅದು ಹೇಳಲಿಲ್ಲ. ಮಾಹಿತಿ ಎಲ್ಲಿಂದ ಬಂದು ಕಂಪ್ಯೂಟರಿನೊಳಗೆ ಸೇರುತ್ತದೆ, ಒಬ್ಬ ಹೆಣ್ಣುಮಗಳು ಅದನ್ನು ಹೇಗೆ ಬಳಸಿಕೊಳ್ಳುತ್ತಾಳೆ ಎಂಬುದನ್ನು ನಾಟಕದಂತೆ ಆಡಿ ತೋರಿಸಿತು. ವಿಡಿಯೋ ನೋಡಿದವರು ಕೆಲಸ ಪೂರ್ತಿ ಮಾಡುವುದು ಬಹಳ ಹೆಚ್ಚಿತು. ಇದು 2007ರಲ್ಲಿ ಪ್ರಕಟವಾಯಿತು.

ನಾನು ಆ ವಿಡಿಯೋದ ಬದಲು ಮನೆಯ ಹಗೇವನ್ನೇ ಹಿಡಿದುಕೊಂಡೆ. 'ಅವ್ವಾ, ಬ್ಯಾಂಕ ಅಂದ್ರ ಹಗೇವು. ಕಾಳು ಅಲ್ಲೇ ಇರತಾವು. ಫೋನ ಅಂದ್ರ ಹಗೇವಿನ್ಯಾಗ ಎಷ್ಟ ಐತಿ ಅಂತ ಹೇಳಾಕ ಬರೋ ಆಳು. ಆಳು ಸತ್ತರ ಕಾಳು ಎಲ್ಲಿ ಹೋಗತಾವು?' ಎಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಂಗಾರ ಆಳು ಸುಳ್ಳ ಹೇಳಿದ್ರ?' ಎಂದು ಕೇಳಿದಳು. ಅದಕ್ಕೆ ಪಾಸ್‌ಬುಕ್ ತೋರಿಸಿದೆ. ಅದರಲ್ಲಿ ಕೊನೆಯ ಸಾಲಿನ ಅಂಕಿ ಆಕೆಯೇ ಓದಿದಳು.

ಹಾಗಾದರೆ ಚಿತ್ರ ಮೇಲೋ, ದನಿ ಮೇಲೋ? ಇದನ್ನೂ ಅವರು ಅಂದಾಜಿಗೆ ಬಿಡಲಿಲ್ಲ. ಓದಲು ಬಾರದ 200 ಜನರಿಗೆ ಜ್ವರ, ನೋವು ಇಂಥ 13 ರೋಗಲಕ್ಷಣಗಳನ್ನು ಹತ್ತು ರೀತಿಯಲ್ಲಿ ತೋರಿಸಿದರು: ಬರಹ, ಚಿತ್ರ, ಫೋಟೋ, ಚಲಿಸುವ ಚಿತ್ರ, ವಿಡಿಯೋ, ಪ್ರತಿಯೊಂದೂ ದನಿಯೊಂದಿಗೆ ಮತ್ತು ದನಿಯಿಲ್ಲದೆ. ದನಿ ಇದ್ದರೆ ಸಾಮಾನ್ಯವಾಗಿ ಬೇಗ ತಿಳಿಯಿತು. ಆದರೆ ನೋಡುವುದೂ ಕೇಳುವುದೂ ಒಟ್ಟಿಗೇ ಬಂದಾಗ ಕೆಲವೊಮ್ಮೆ ಗೊಂದಲವೂ ಆಯಿತು. ಥಳಕು ಹೆಚ್ಚಿದಷ್ಟೂ ಚೆನ್ನಾಗಿ ತಿಳಿಯುತ್ತದೆ ಎಂಬುದು ಸುಳ್ಳಾಯಿತು.

2009ರಲ್ಲಿ ಫೋನಿನಿಂದ ಹಣ ಕಳಿಸುವುದರ ಬಗ್ಗೆ ಇನ್ನೊಂದು ಅಧ್ಯಯನ ಬಂತು. ಬರಹದ ಮೆನು, ಕರೆ ಮಾಡಿ ಮಾತಾಡುವ ವ್ಯವಸ್ಥೆ, ಚಿತ್ರ ಮತ್ತು ದನಿ ಸೇರಿದ ವ್ಯವಸ್ಥೆ, ಮೂರನ್ನೂ ಹೋಲಿಸಿದರು. ಜನರಿಗೆ ಬರಹವಿಲ್ಲದವೇ ಬೇಕಾಗಿದ್ದವು. ಚಿತ್ರ-ದನಿ ಸೇರಿದ್ದರಲ್ಲಿ ಹೆಚ್ಚು ಜನ ಕೆಲಸ ಮುಗಿಸಿದರು. ಬರೀ ಮಾತಿನದರಲ್ಲಿ ಕೆಲಸ ಬೇಗ ಆಯಿತು, ಪಕ್ಕದವರ ಸಹಾಯವೂ ಕಡಿಮೆ ಬೇಕಾಯಿತು. 2013ರ ಅಧ್ಯಯನದಲ್ಲಿ ಇನ್ನೊಂದು ಸೂಕ್ಷ್ಮ ತಿಳಿಯಿತು. ಒಂದರೊಳಗೊಂದು ಪೆಟ್ಟಿಗೆಯಂತೆ ತೆರೆಯುತ್ತಾ ಹೋಗುವ ಮೆನು ಇದೆಯಲ್ಲ, ಅದರಲ್ಲಿ ಅಕ್ಷರವೇ ಇಲ್ಲದಿದ್ದರೂ ಶಾಲೆ ಕಲಿಯದವರಿಗೆ ಕಷ್ಟ. ಪದರ ಕಡಿಮೆ ಇದ್ದಷ್ಟೂ ಒಳ್ಳೆಯದು.

ಇಷ್ಟನ್ನು ಇಟ್ಟುಕೊಂಡು ನಾನು ಅವ್ವನ ಫೋನನ್ನು ಮತ್ತೆ ಜೋಡಿಸಿದೆ. ಮೊದಲ ಸ್ಕ್ರೀನಿನಲ್ಲಿ ಆರೇ ಗುರುತು ಬಿಟ್ಟು ಉಳಿದದ್ದೆಲ್ಲ ತೆಗೆದೆ. ಮಂದಿಯ ನಂಬರಿಗೆ ಮುಖದ ಫೋಟೋ ಹಾಕಿದೆ. ಆರೋಗ್ಯ ಕೇಂದ್ರದ ನಂಬರಿಗೆ ಕೂಡಿಸುವ ಚಿಹ್ನೆಯಂಥ ಆಸ್ಪತ್ರೆ ಗುರುತು ಹಾಕಿದ್ದೆ. ಆಕೆ ಅದನ್ನು ಔಷಧ ಅಂಗಡಿ ಎಂದಳು. ತೆಗೆದು, ಆಶಾ ಅಕ್ಕನನ್ನು ಕೇಳಿ ಅವರದೇ ಫೋಟೋ ಹಾಕಿದೆ. ಆಗ ಸರಿಹೋಯಿತು.

ಬ್ಯಾಂಕಿಗೆ ಮಾತ್ರ ಚಿತ್ರ ಬೇಡ ಎನಿಸಿತು. ಆಕೆಯ ಬ್ಯಾಂಕಿಗೆ ಫೋನ್ ಮಾಡಿದರೆ ಖಾತೆಯಲ್ಲಿ ಎಷ್ಟಿದೆ ಎಂದು ಕನ್ನಡದಲ್ಲೇ ಹೇಳುವ ಸೇವೆ ಇದೆ. ಖಾತೆಗೆ ಜೋಡಿಸಿದ ನಂಬರಿನಿಂದಲೇ ಕರೆ ಮಾಡಬೇಕು. ಭಾಷೆಗೆ ಒಂದು ಅಂಕಿ, ಬಾಕಿ ಕೇಳಲು ಇನ್ನೊಂದು ಅಂಕಿ. ಅಂಕಿ ಅವ್ವನಿಗೆ ಬರುತ್ತದೆ! ಮೊದಲ ದಿನ ಮೂರು ಸಲ ತಪ್ಪಿತು. ಆ ದನಿ 'ಒತ್ತಿರಿ' ಎನ್ನುವ ಮೊದಲೇ ಒತ್ತುತ್ತಿದ್ದಳು, ಇಲ್ಲವೇ ಫೋನನ್ನು ಕಿವಿಯಿಂದ ತೆಗೆದು ಗುಂಡಿ ಹುಡುಕುವಷ್ಟರಲ್ಲಿ ಸಮಯ ಮೀರುತ್ತಿತ್ತು. ನನ್ನ ಕೈ ತಾನೇ ಮುಂದೆ ಹೋಗುತ್ತಿತ್ತು. ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ನಾಲ್ಕನೇ ಸಲ ದನಿ ಬಂತು. ಅವ್ವ ಫೋನನ್ನು ಕಿವಿಗೆ ಒತ್ತಿ ಹಿಡಿದು, ಸೆರಗು ಎಳೆದುಕೊಂಡು, ಗೋಡೆ ಕಡೆ ತಿರುಗಿದಳು.

ಈಗ ಕೆಲವು ಬದಲಾಗಿವೆ. ಅಂಗಡಿಗಳಲ್ಲಿ ಹಣ ಬಂದದ್ದನ್ನು ಕೂಗಿ ಹೇಳುವ ಸೌಂಡ್‌ಬಾಕ್ಸ್ ಇದೆ. ಸ್ಮಾರ್ಟ್‌ಫೋನ್ ಇಲ್ಲದವರು ಕರೆ ಮಾಡಿ ಹಣ ಕಳಿಸುವಂತೆ ರಿಸರ್ವ್ ಬ್ಯಾಂಕ್ 2022ರ ಮಾರ್ಚ್‌ನಲ್ಲಿ ಯುಪಿಐ 123ಪೇ ತಂದಿತು. ನಮ್ಮ ಅವ್ವಂದಿರು ವಾಟ್ಸಾಪ್‌ನಲ್ಲಿ ದನಿ ಕಳಿಸುವುದನ್ನು ಯಾರೂ ಹೇಳಿಕೊಡದೆಯೇ ಕಲಿತರು. ಆದರೂ ಸರಕಾರದ, ಬ್ಯಾಂಕಿನ ಬಹಳಷ್ಟು ಆ್ಯಪುಗಳು ಇನ್ನೂ ಓದುವವರಿಗೇ ಮಾಡಿದವು. 2011ರ ಜನಗಣತಿಯಲ್ಲಿ ಕರ್ನಾಟಕದ ಹೆಣ್ಣುಮಕ್ಕಳ ಸಾಕ್ಷರತೆ ನೂರಕ್ಕೆ 68. ಉಳಿದ 32 ಮಂದಿಯಲ್ಲಿ ಬಹುಪಾಲು ನಮ್ಮ ಅವ್ವಂದಿರು, ಅಜ್ಜಿಯರು, ಅತ್ತೆಯರು. ಅವರ ಹೆಸರಿಗೆ ಹಣ ಹಾಕುವಾಗ ಆ ಸುದ್ದಿಯನ್ನು ಅವರ ಕಿವಿಗೇ ಮುಟ್ಟಿಸುವ ಜವಾಬ್ದಾರಿಯೂ ಹಾಕುವವರದೇ ಅಲ್ಲವೇ? ಹೇಗೆ ಮಾಡಬೇಕು ಎಂಬುದನ್ನು ಬೆಂಗಳೂರಿನಲ್ಲೇ ಮನೆಗೆಲಸದ ಹೆಣ್ಣುಮಕ್ಕಳು ಹೇಳಿಕೊಟ್ಟು ಎಷ್ಟೋ ವರ್ಷಗಳಾದವು. ಪ್ರತಿ ಮನೆಯಲ್ಲೂ ಎಂಎ ಮಾಡಿದ ಮಗಳು ಬಂದು ಫೋನು ಜೋಡಿಸಿಕೊಡಬೇಕೇ?

ಅಲ್ಲಿಯವರೆಗೆ ನಾವು ಮಾಡಬಹುದಾದದ್ದು ಸ್ವಲ್ಪ ಇದೆ. ಇದನ್ನು ಓದುತ್ತಿರುವ ನಿಮಗೆ ಓದಲು ಬರುತ್ತದೆ. ನಿಮ್ಮ ಮನೆಯಲ್ಲಿ ಓದಲು ಬಾರದವರ ಫೋನು ನೋಡಿಕೊಡುವವರು ನೀವೇ ಇರಬಹುದು. ಫೋನನ್ನು ಅವರ ಕೈಯಿಂದ ತೆಗೆಯಬೇಡಿ. ಬ್ಯಾಂಕಿನಲ್ಲಿ ದನಿ ಸೇವೆ ಇದೆಯೇ ಎಂದು ಶಾಖೆಗೇ ಹೋಗಿ ಕೇಳಿ. ನಂಬರನ್ನು ಪಾಸ್‌ಬುಕ್ಕಿನಿಂದಲೋ ಶಾಖೆಯಿಂದಲೋ ತೆಗೆದುಕೊಳ್ಳಿ, ಇಂಟರ್ನೆಟ್ಟಿನಲ್ಲಿ ಹುಡುಕಿ ಸಿಕ್ಕಿದ್ದಕ್ಕೆ ಕರೆ ಮಾಡಬೇಡಿ, ಮೋಸದವರು ಅಲ್ಲೇ ಕಾಯುತ್ತಿರುತ್ತಾರೆ. ಪಿನ್ನು, ಓಟಿಪಿ ಯಾರಿಗೂ ಹೇಳಬಾರದು ಎಂಬುದನ್ನು ಅವರಿಗೆ ಕಲಿಸುವಾಗ 'ನನಗೂ ಹೇಳಬ್ಯಾಡ' ಎಂದು ಸೇರಿಸಿ. ಓದಿಯೇ ಹೇಳಬೇಕಾಗಿ ಬಂದರೆ ಕಿವಿಯಲ್ಲಿ ಹೇಳಿ, ಕಟ್ಟೆಯ ಮೇಲೆ ಕೂಗಬೇಡಿ.

ಹೋದ ತಿಂಗಳು ಊರಿಗೆ ಹೋಗಿದ್ದೆ. ತಂಗಿ ಕೂಸಿನ ಜೊತೆ ತವರಲ್ಲೇ ಇದ್ದಾಳೆ. ತೊಟ್ಟಿಲ ಪಕ್ಕ ಅವ್ವ ಕೂತಿದ್ದಳು. ಹಳೆಯ ರೂಢಿಯಂತೆ ಕೈ ಚಾಚಿ, 'ರೊಕ್ಕ ಬಂದೈತೇನವಾ, ತಾ ನೋಡತೀನಿ' ಎಂದೆ.

'ಬಂದೈತಿ' ಎಂದಳು. ಫೋನು ಕೊಡಲಿಲ್ಲ.

'ಈಗ ಒಟ್ಟ ಎಷ್ಟ ಆಗೇತಿ?'

ಅವ್ವ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತೊಟ್ಟಿಲು ತೂಗಿದಳು. 'ಅದ ನಿನಗ್ಯಾಕ?'